ಮದ್ದಿನ ಕೈ ಬಿಟ್ಟ ಸೊಪ್ಪು

೧೯೪೩ ಜುಲೈ ೧೧, ಭಾನುವಾರ

ಇಂದು ಬೆಳಿಗ್ಗೆ ಅತ್ತೆ ನನಗೆ ಮೊದಲ ಗಿಡ ಕೊಟ್ಟರು. ಮದುವೆಯಾಗಿ ಈ ಊರಿಗೆ ಬಂದು ಮೂರು ವರ್ಷವಾಯಿತು. ಅಂದಿನಿಂದಲೂ ಕೇಳುತ್ತಿದ್ದೆ.

ಊರು ಯಲ್ದೂರಿಗೆ ಸಮೀಪ. ಮನೆಯಲ್ಲಿ ನಾನು ಮತ್ತು ಅತ್ತೆ ದೊಡ್ಡವೆಂಕಟಮ್ಮ. ನಮ್ಮವರು ಕೋಲಾರ–ಮುಳಬಾಗಿಲು ಬಸ್ಸಿನಲ್ಲಿ ಕಂಡಕ್ಟರು, ಬುಧವಾರ ಮಾತ್ರ ಮನೆಗೆ ಬರುತ್ತಾರೆ. ಪೆಟ್ರೋಲು ಯುದ್ಧಕ್ಕೆ ಹೋದ ಮೇಲೆ ಬಸ್ಸು ಇದ್ದಿಲ ಗ್ಯಾಸಿನಲ್ಲಿ ನಡೆಯುತ್ತಿದೆ. ಏರು ಬಂದರೆ ಜನ ಇಳಿದು ತಳ್ಳುತ್ತಾರೆ; ತಳ್ಳಿದವರಿಗೂ ಟಿಕೆಟ್ಟು ಉಂಟು.

ಭಾನುವಾರ ನಮ್ಮ ಜಗಲಿಯ ಮೇಲೆ ಮದ್ದಿಗೆ ಬಂದವರು ಕೂತಿರುತ್ತಾರೆ. ಅತ್ತೆ ಐದು ಗಿಡಗಳಿಂದ ಮದ್ದು ಕೊಡುತ್ತಾರೆ. ಅವರ ಅತ್ತೆಯಿಂದ ಅವರಿಗೆ ಬಂದದ್ದು. ಎಲೆ ತರುವುದು, ಅರೆಯುವುದು, ಉಂಡೆ ಕಟ್ಟಿ ನೆರಳಲ್ಲಿ ಒಣಗಿಸುವುದು ಎಲ್ಲಾ ಅವರೊಬ್ಬರೇ. ಇಂದು ನನ್ನನ್ನು ಹೊಲದ ಬದುವಿಗೆ ಕರೆದುಕೊಂಡು ಹೋಗಿ, ಗಣಿಕೆ ಗಿಡದ ಮುಂದೆ ಕೂರಿಸಿ, ನನ್ನ ಬಲಗೈ ಹಿಡಿದು ಅದರ ಮೇಲಿಟ್ಟರು.

"ಇನ್ನು ಇದು ನಿಂದು. ಬಾಯಿಹುಣ್ಣು ಅಂತ ಬಂದೋರಿಗೆ ನೀನೇ ಕೊಡು. ಆದ್ರೆ ಈ ಕೈ ಇನ್ಮೇಲೆ ಗಣಿಕೇನ ಸಾರಿಗೆ ಹಾಕಬಾರ್ದು, ಬಾಯಿ ತಿನ್ನಬಾರ್ದು. ಹಸಿವಿಗೆ ತಿಂದ ಎಲೆ ರೋಗಕ್ಕೆ ಮಾತು ಕೇಳಲ್ಲ."

"ಎಷ್ಟು ದಿನ ಅತ್ತೆ?"

"ದಿನ ಏನಮ್ಮ? ಕೊಡೋವಷ್ಟು ಕಾಲ."

ಇನ್ನೊಂದು ಕಟ್ಟು ಇದೆ. ಬಂದವರಿಗೆ ಗಿಡದ ಹೆಸರು ಹೇಳಬಾರದು. ಹೇಳಿದರೆ ಮದ್ದು ಸತ್ತುಹೋಗುತ್ತದೆ.

ಅತ್ತೆ ನನ್ನ ಬೆರಕೆ ಸೊಪ್ಪಿನ ಸಾರನ್ನು ಒಂದು ದಿನವೂ ಮುಟ್ಟಿದವರಲ್ಲ. ಮುದ್ದೆಗೆ ಉಪ್ಪು, ಮೆಣಸಿನಕಾಯಿ ಕಿವುಚಿಕೊಂಡು ಗೋಡೆಯ ಕಡೆ ತಿರುಗಿ ಉಣ್ಣುತ್ತಾರೆ. ನನ್ನ ಕೈಯಡಿಗೆ ಹಿಡಿಸದೆಂದು ತಿಳಿದುಕೊಂಡಿದ್ದೆ. ಬೆರಕೆ ಸೊಪ್ಪೆಂದರೆ ಸಿಕ್ಕಿದ್ದೆಲ್ಲ ಸೇರಿದ್ದು. ಅವರು ಬಿಟ್ಟ ಐದರಲ್ಲಿ ಒಂದಾದರೂ ಅದರಲ್ಲಿ ಇದ್ದೇ ಇರುತ್ತದೆ. ಇದನ್ನು ಅವರು ಮೂರು ವರ್ಷದಲ್ಲಿ ಒಮ್ಮೆ ಹೇಳಬಹುದಿತ್ತು.

ಜುಲೈ ೧೫, ಗುರುವಾರ

ಮಳೆ ಬಿದ್ದು ಬದುಗಳು ಹಸಿರಾಗಿವೆ. ರೇಷನ್ ಅಕ್ಕಿ ಹಬ್ಬಕ್ಕೆಂದು ಮಡಗಿದ್ದೇವೆ. ಹಸು ಬತ್ತಿದೆ, ಈ ವರ್ಷ ಮಾವಿನ ಹೂವೂ ಉದುರಿಹೋಗಿತ್ತು. ಊರೆಲ್ಲ ಸೊಪ್ಪಿನ ಮೇಲೆ ಬದುಕಿದೆ.

ಪಕ್ಕದ ಮನೆಯ ಆವಲಮ್ಮನ ಜೊತೆ ಸೊಪ್ಪಿಗೆ ಹೋಗಿದ್ದೆ. ಅಣ್ಣೆ, ಗೋಣಿ, ಕೊಮ್ಮೆ ಕಿತ್ತು ಗಣಿಕೆಯನ್ನು ದಾಟಿದೆ. ಅದು ಮೊಣಕಾಲೆತ್ತರ ಎಳೆಯದಾಗಿತ್ತು.

"ಏಮ್ಮಾ ಮೇಷ್ಟ್ರ ಮಗಳೇ, ಕಣ್ಣು ಕಾಣಲ್ವಾ? ಒಳ್ಳೆ ಸೊಪ್ಪು ಬಿಟ್ಟು ಹೋಗ್ತಾ ಇದೀಯಲ್ಲ!"

"ನಾನು ಬಿಟ್ಟಿದ್ದೀನಿ ಆವಲಕ್ಕ."

ಆವಲಮ್ಮ ಮಡಿಲು ಬಿಟ್ಟು ಕೈ ಮುಗಿದಳು. "ಅಯ್ಯೋ ದೇವ್ರೇ, ಮದ್ದಿನಮ್ಮ ಆಗ್ಬುಟ್ಯಾ? ಇನ್ನು ನಿನ್ನ ಜೊತೆ ಬೈದಾಡೋ ಹಂಗೂ ಇಲ್ಲ."

ನಕ್ಕೆ. ಆದರೆ ಮದ್ದಿನಮ್ಮ ಎಂಬ ಮಾತು ಮನೆ ತಲುಪುವವರೆಗೆ ಜೊತೆಯಲ್ಲೇ ಬಂತು. ಇಷ್ಟವಾಯಿತು.

ಆಗಸ್ಟ್ ೨೨, ಭಾನುವಾರ

ಎರಡನೆಯ ಗಿಡ, ಕೊಮ್ಮೆ. ಕಾಲಿನ ಊತಕ್ಕೆ.

ಮಾಲೂರಿನಿಂದ ಅಪ್ಪ ಎರಡು ಪುಸ್ತಕ ಕಳಿಸಿದ್ದಾರೆ. ಒಂದು ಗಿಡಮೂಲಿಕೆಗಳ ಗುಣ ಹೇಳುವುದು. ಮೈಸೂರಿಗೆ ಹೋಗಿ ವೈದ್ಯ ಕಲಿಯಬೇಕೆಂದು ನಾನು ಹಟ ಹಿಡಿದದ್ದನ್ನು ಅಪ್ಪ ಮರೆತಿಲ್ಲ. ಇನ್ನೊಂದು ಬಂಗಾಳಿಯಿಂದ ಕನ್ನಡಕ್ಕೆ ಬಂದ ಕಾದಂಬರಿ. ಅದರಲ್ಲಿ ಸೊಸೆ ಅಧ್ಯಾಯಕ್ಕೊಂದು ಸಲ ಮೂರ್ಛೆ ಹೋಗುತ್ತಾಳೆ, ಅತ್ತೆ ಒಂದು ಸಲವೂ ಊಟ ಮಾಡುವುದಿಲ್ಲ. ಆ ಮನೆಯಲ್ಲಿ ಏನು ಸಾರು ಎಂದು ಬರೆದವರು ಹೇಳಿದ್ದರೆ ನಾನು ಇನ್ನಷ್ಟು ನಂಬುತ್ತಿದ್ದೆ.

ಅತ್ತೆ ಕೊಮ್ಮೆ ಅರೆಯುತ್ತ ತಮ್ಮ ಅತ್ತೆಯ ವಿಷಯ ಹೇಳಿದರು. ಮಹಾ ಕೈಗುಣದವಳಂತೆ. ನಂಗಲಿಯ ಆಚೆಯಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ. "ಕೊನೇ ಕಾಲದಾಗೆ ದೀಪ ಹಚ್ಚೋ ಹೊತ್ತಾದ್ರೆ ಗೋಡೆ ಸವರ್ಕೊಂಡೇ ನಡೀತಿದ್ಲು, ಪಾಪ" ಎಂದರು. ವಯಸ್ಸು ಎಂದೆ. ಹೂಂ ಎಂದರು.

ಸೆಪ್ಟೆಂಬರ್ ೨೯, ಬುಧವಾರ

ನಮ್ಮವರು ಬಂದಿದ್ದರು. ಸಾರಿನಲ್ಲಿ ಸೊಪ್ಪು ಕಡಿಮೆ, ನೀರು ಹೆಚ್ಚು ಎಂದರು. ನಿಮ್ಮ ಬಸ್ಸಿನಂತೆ ಎಂದೆ.

ಸಂಜೆಯ ಹೊತ್ತು ಅತ್ತೆ ಕಂಬಕ್ಕೆ ಒರಗಿ ಕೂತರೆ ಏಳುವುದಿಲ್ಲ. ಕೊಟ್ಟಿಗೆ, ನೀರು, ಒಲೆ ಎಲ್ಲ ನನ್ನ ತಲೆಗೆ. ಗಿಡ ಕೊಟ್ಟ ಗುರುವಿನ ಮೇಲೆ ಇದನ್ನು ಬರೆಯಬಾರದು. ಬರೆದೆ.

ಅಕ್ಟೋಬರ್ ೩೧, ಭಾನುವಾರ

ತಪ್ಪು ಮಾಡಿದೆ.

ನಂಗಲಿ ಕಡೆಯ ಹೆಂಗಸೊಬ್ಬಳು ಬಂದಿದ್ದಳು. ಬಾಯಿ ತುಂಬ ಹುಣ್ಣು; ನೀರು ನುಂಗಿದರೂ ಕಣ್ಣಲ್ಲಿ ನೀರು. ಬಸ್ಸು ಕೆಟ್ಟು ಅರ್ಧ ದಾರಿ ನಡೆದಿದ್ದಳು. ಉಂಡೆ ಕೊಟ್ಟು, ಇನ್ನೆರಡು ಭಾನುವಾರ ಬರಬೇಕೆಂದೆ. ಅವಳು ಅಲ್ಲೇ ಕೂತುಬಿಟ್ಟಳು.

"ಮತ್ತೆ ಬರಕ್ಕೆ ನನ್ನ ಕೈಲಾಗಲ್ಲ ತಾಯಿ. ನಮ್ಮ ಕಡೆ ಬೆಳೆಯೋದಾದ್ರೆ ಒಂದು ಮಾತು ಹೇಳಿಬಿಡಿ."

"ಗಣಿಕೆ ಸೊಪ್ಪು ಕಣಮ್ಮ" ಎಂದೆ. "ಯಾವ ಬದುವಿನಲ್ಲಾದ್ರೂ ಇರುತ್ತೆ. ಬೇಯಿಸಿಕೊಂಡು ತಿನ್ನು."

ಒಳಗೆ ಅತ್ತೆ ಅರೆಯುತ್ತಿದ್ದ ಗುಂಡುಕಲ್ಲಿನ ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಜನ ಹೋದ ಮೇಲೆ ಅತ್ತೆಯ ಮುಂದೆ ನಿಂತೆ. ಅವರು ನನ್ನನ್ನು ಬೈಯಲಿಲ್ಲ. ಒಣಗಲು ಇಟ್ಟಿದ್ದ ಗಣಿಕೆಯ ಉಂಡೆಗಳನ್ನು ಮೊರದಿಂದ ತಿಪ್ಪೆಗೆ ಸುರಿದು ಬಂದರು.

"ಸತ್ತೋಯ್ತು ಬಿಡು" ಎಂದರು. ಊಟಕ್ಕೆ ಏಳಲಿಲ್ಲ.

ನವೆಂಬರ್ ೧, ಸೋಮವಾರ

ಬೆಳಿಗ್ಗೆ ಅತ್ತೆ ಕೇಳಿದರು, "ಸಾರಿಗೆ ಏನು?"

"ಹುರುಳಿಕಾಳು."

"ಹೋಗಿ ಗಣಿಕೆ ಕುಯ್ಕೊಂಡು ಬಾ. ಈಗ ಅದು ಬರೀ ಸೊಪ್ಪು ತಾನೆ? ಬೇರೇನೂ ಸೇರಿಸಬೇಡ, ಅದೊಂದೇ."

ಗಣಿಕೆಯೊಂದನ್ನೇ ಬೇಯಿಸಿ, ಬೆಳ್ಳುಳ್ಳಿ ಹಾಕಿ ಮಸೆದೆ. ಅತ್ತೆ ಗೋಡೆಯ ಕಡೆ ತಿರುಗದೆ ನನ್ನೆದುರಿಗೆ ಕೂತರು. ಮೊದಲ ತುತ್ತನ್ನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡರು.

"ಇದರ ಕಹಿ ಮರ್ತೇ ಹೋಗಿತ್ತು ಕಣೇ. ನಾನು ಈ ಮನೆಗೆ ಬಂದ ಹೊಸದ್ರಲ್ಲಿ ತಿಂದಿದ್ದು."

ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡರು. ತಟ್ಟೆಯನ್ನು ಬೆರಳಿನಿಂದ ಒರೆಸಿದರು. ನಾನು ಮದ್ದನ್ನು ಕೊಂದವಳು. ಆದರೂ ಸಾರು ಚೆನ್ನಾಗಿತ್ತು.

ನವೆಂಬರ್ ೨೪, ಬುಧವಾರ

ನಂಗಲಿಯ ಹೆಂಗಸು ಬಸ್ಸು ನಿಲ್ಲಿಸಿ ನಮ್ಮವರಿಗೆ ಹೇಳಿದಳಂತೆ, ಬಾಯಿ ವಾಸಿಯಾಯಿತೆಂದು, ದಿನವೂ ಗಣಿಕೆ ತಿಂದಳೆಂದು. ನಮ್ಮವರು ಅದನ್ನು ಜೋರಾಗಿ ಹೇಳಿದರು.

"ನೋಡಮ್ಮ, ನಿನ್ನ ಸತ್ತ ಮದ್ದು ಎದ್ದು ಕೂತಿದೆ!"

"ಅದು ಸೊಪ್ಪಿನ ಗುಣ ಕಣೋ ಕೃಷ್ಣ, ಮದ್ದಿಂದಲ್ಲ" ಎಂದು ಅತ್ತೆ ಎಲೆಯಡಿಕೆಗೆ ಕೈ ಹಾಕಿದರು. ಸಿಟ್ಟಿರಲಿಲ್ಲ.

ಗಣಿಕೆ ನಮ್ಮಲ್ಲಿ ದಿನ ಬಿಟ್ಟು ದಿನ ನಡೆದಿದೆ. ನೆನ್ನೆ ಮುಸ್ಸಂಜೆ ನಾನು ಬಾವಿಯಿಂದ ಬರುವಷ್ಟರಲ್ಲಿ ಅತ್ತೆ ತಾವೇ ಹಸು ಕಟ್ಟಿ, ಹುಲ್ಲು ಹಾಕಿ, ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ನನಗೆ ಅಷ್ಟು ಕೆಲಸ ತಪ್ಪಿತು.

೧೯೪೪ ಜನವರಿ ೧೬, ಭಾನುವಾರ

ಆವಲಮ್ಮ ನನ್ನ ಮುಖ ನೋಡಿಯೇ ಹೇಳಿದಳು. "ದೊಡ್ಡಮ್ಮಾ, ನಿಮ್ಮ ಸೊಸೆ ಹುಣಸೆಕಾಯಿ ಕದೀತಾ ಇದಾಳೆ, ನೋಡ್ಕೊಳ್ಳಿ!" ಅತ್ತೆ ನನ್ನ ಕೆನ್ನೆ ಮುಟ್ಟಿ ಬೆರಳಿಗೆ ಮುತ್ತಿಟ್ಟುಕೊಂಡರು. ಮೂರನೇ ತಿಂಗಳು.

ಮಾತಿನ ಸಂತೋಷದಲ್ಲಿ ಕೇಳಿದೆ, "ಇವತ್ತು ಹೊನಗೊನ್ನೆ ಕೊಡಿ ಅತ್ತೆ."

ಹೊನಗೊನ್ನೆ ಅವರ ದೊಡ್ಡ ಮದ್ದು. ಇರುಳುಗಣ್ಣಿಗೆ, ಹೊತ್ತು ಮುಳುಗಿದ ಮೇಲೆ ಕಣ್ಣು ಕಾಣದ ಮಕ್ಕಳಿಗೆ ಕೊಡುವುದು. ಈ ಬರಗಾಲದ ಊಟದಲ್ಲಿ ಅಂಥ ಮಕ್ಕಳು ಹೆಚ್ಚಾಗಿದ್ದಾರೆ.

"ಈಗಲ್ಲ."

"ಯಾವಾಗ?"

"ನಿನ್ನ ಮಗು ಹಾಲು ಬಿಡಲಿ. ಆಮೇಲೆ ನೋಡಾಣ."

ಎರಡು ವರ್ಷ! ಗಣಿಕೆಯ ತಪ್ಪಿಗೆ ಇದು ಶಿಕ್ಷೆ. ಬೈದಿದ್ದರೆ ಬೇಗ ಮುಗಿಯುತ್ತಿತ್ತು.

ಫೆಬ್ರವರಿ ೧೦, ಗುರುವಾರ

ಬದುಗಳು ಒಣಗಿವೆ. ಗಣಿಕೆ ಮುಗಿಯಿತು. ಅಣ್ಣೆ, ಗೋಣಿ ಒಂದೂ ಇಲ್ಲ. ಕೆರೆಯ ತೂಬಿನ ಹತ್ತಿರ, ನೀರು ಜಿನುಗುವ ಕಡೆ, ಹೊನಗೊನ್ನೆ ಮಾತ್ರ ಹಸಿರಾಗಿ ಹಬ್ಬಿದೆ.

ಅತ್ತೆ ಅದನ್ನು ನನ್ನ ಕೈಯಲ್ಲೇ ಕೀಳಿಸಿ, ನನ್ನ ಕೈಯಲ್ಲೇ ಬೇಯಿಸಿ, ನಾನು ತಿನ್ನುವವರೆಗೂ ಎದುರಿಗೆ ಕೂತಿರುತ್ತಾರೆ. "ಇನ್ನೊಂದು ಸೌಟು ಹಾಕ್ಕೋ. ಹೊಟ್ಟೇಲಿರೋದಕ್ಕೆ ಕಣ್ಣು ಬೇಡ್ವಾ?" ಮದ್ದಾಗಿ ಒಂದು ಎಲೆ ಕೊಡದವರು ಸಾರಾಗಿ ಮಡಿಲುಗಟ್ಟಲೆ ಕೊಡುತ್ತಿದ್ದಾರೆ. ಅವರ ತಟ್ಟೆಗೆ ಮತ್ತೆ ಉಪ್ಪು, ಮೆಣಸಿನಕಾಯಿ.

ಸಂಜೆ ಮತ್ತೆ ಕಂಬ ಹಿಡಿದಿದ್ದಾರೆ.

ಮಾರ್ಚ್ ೧೨, ಭಾನುವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಹೊತ್ತು ಮುಳುಗುವಾಗ ವೇಮಗಲ್ ಕಡೆಯಿಂದ ಶಾಮಲಮ್ಮ ಎಂಬಾಕೆ ಐದಾರು ವರ್ಷದ ಮಗಳನ್ನು ಎಳೆದುಕೊಂಡು ಬಂದಳು. ಬೆಳಿಗ್ಗೆಯೇ ಹೊರಟವಳು, ಬಸ್ಸು ಸಿಕ್ಕದೆ ಹೊತ್ತಾಯಿತಂತೆ. ಸೀಮೆಎಣ್ಣೆ ಇಲ್ಲದೆ ಹೊಂಗೆ ಎಣ್ಣೆಯ ಹಣತೆಯೊಂದು ಉರಿಯುತ್ತಿತ್ತು. ಹುಡುಗಿ ನಮ್ಮ ಹೊಸ್ತಿಲಿಗೆ ಎಡವಿದಳು.

"ಹೊತ್ತು ಮುಳುಗಿದ್ರೆ ಇವಳಿಗೆ ಏನೂ ಕಾಣಲ್ಲ ಅಮ್ಮ. ತಟ್ಟೆ ಎಲ್ಲಿದೆ ಅಂತ ಕೈಯಾಡಿಸ್ತಾಳೆ."

ಅತ್ತೆ ಕಂಬದ ಹತ್ತಿರದಿಂದಲೇ, "ಬೆಳಿಗ್ಗೆ ಬಾಮ್ಮ" ಎಂದರು.

"ಬಂದ ಗಾಡಿ ನಿಂತಿದೆ, ಈಗಲೇ ಹೋಗ್ಬೇಕು."

ಅತ್ತೆ ಎದ್ದರು. ಎಡಗೈಯಿಂದ ಗೋಡೆ ಸವರುತ್ತ ಮದ್ದಿನ ಗೂಡಿಗೆ ಹೋದರು. ಅಲ್ಲಿ ಡಬ್ಬಿಗಳು ಸಾಲಾಗಿವೆ. ನಾನು ಆ ಬೆಳಿಗ್ಗೆ ಗೂಡು ಗುಡಿಸಿ ಡಬ್ಬಿಗಳ ಜಾಗ ಬದಲಾಯಿಸಿದ್ದೆ. ಅತ್ತೆ ಒಂದನ್ನು ತೆಗೆದು, ಹಣತೆಗೆ ಅಷ್ಟು ಹತ್ತಿರವಿದ್ದರೂ ಅದನ್ನು ನೋಡದೆ, ಮೂರು ಉಂಡೆ ಎಣಿಸಿ, ಶಾಮಲಮ್ಮ ಇದ್ದಾಳೆಂದುಕೊಂಡ ಕಡೆ ಕೈ ಚಾಚಿದರು. ಶಾಮಲಮ್ಮ ನಿಂತದ್ದು ಇನ್ನೊಂದು ಪಕ್ಕದಲ್ಲಿ.

ಕೊಟ್ಟದ್ದು ಕೊಮ್ಮೆಯ ಉಂಡೆ.

ನಾನು ಗೂಡಿನಿಂದ ಸರಿಯಾದದ್ದನ್ನು ಸೆರಗಿನಲ್ಲಿಟ್ಟುಕೊಂಡು, ಗಾಡಿಯವರೆಗೆ ಹೋಗಿ ಬದಲಾಯಿಸಿ ಕೊಟ್ಟೆ. "ಮುಂದಿನ ಭಾನುವಾರ ಮತ್ತೆ ಬನ್ನಿ" ಎಂದೆ.

ಹಿಂದಿರುಗಿದಾಗ ಅತ್ತೆ ಅಲ್ಲೇ ನಿಂತಿದ್ದರು. ಕಂಬ ಎಲ್ಲಿದೆ ಎಂದು ಹುಡುಕುತ್ತಿದ್ದರು. ಕೈ ಕೊಟ್ಟೆ.

ಮಾರ್ಚ್ ೧೩, ಸೋಮವಾರ

ಬೆಳಕಿನಲ್ಲಿ ಕೇಳಿದೆ. ಬೆಳಕಿನಲ್ಲಿ ಅತ್ತೆಯ ಕಣ್ಣು ನನ್ನಷ್ಟೇ ಚುರುಕು.

"ಎಷ್ಟು ದಿನದಿಂದ?"

"ಹೋದ ವರ್ಷದಿಂದ. ಮಧ್ಯೆ ಒಂದಿಷ್ಟು ದಿನ ಸರಿಹೋಗಿತ್ತು. ಮತ್ತೆ ಬಂತು. ಯಾರಿಗೂ ಹೇಳ್ಬೇಡ ಕಣೇ. ಇರುಳುಗಣ್ಣಿಗೆ ಮದ್ದು ಕೊಡೋಳಿಗೇ ಇರುಳುಗಣ್ಣು ಅಂದ್ರೆ ಜನ ನಗಲ್ವಾ?"

"ಆ ಉಂಡೆ ನೀವೂ ತಗೋಬಹುದಲ್ಲ."

"ನನ್ನ ಮದ್ದು ನನಗಾಗಲ್ಲ. ಕೈ ಕಟ್ಟಿದೆ."

"ಸಾರು ಮಾಡಿ ಹಾಕ್ತೀನಿ, ತಿನ್ನಿ. ಉಂಡೆಗಿಂತ ಅದೇ ಮೇಲು. ಪುಸ್ತಕದಲ್ಲಿ ಸೊಪ್ಪಾಗೇ ತಿನ್ನಬೇಕು ಅಂತ ಬರೆದಿದ್ದಾರೆ."

"ನಾನು ತಿಂದ್ರೆ ಭಾನುವಾರ ಆ ಮಗೂಗೆ ಏನು ಕೊಡ್ಲಿ? ಬರೀ ಬೂದಿ ಕೊಟ್ಟಂಗೆ."

"ಹಾಗಾದ್ರೆ ನನಗೆ ಕೊಟ್ಟುಬಿಡಿ. ನಾನು ಬಿಡ್ತೀನಿ."

ಅತ್ತೆಗೆ ಸಿಟ್ಟು ಬಂತು. ಇಷ್ಟು ದಿನದಲ್ಲಿ ಮೊದಲ ಸಲ. "ಬಾಯಿ ಮುಚ್ಚು! ಬಸುರಿ ಹೆಂಗಸು ನೀನು. ಕೆರೇಲಿ ಉಳಿದಿರೋ ಸೊಪ್ಪೇ ಅದೊಂದು. ಅದನ್ನೂ ಬಿಟ್ಟು ಏನು ತಿಂತೀಯ, ಮಣ್ಣು? ನಂಗೆ ಗೊತ್ತು, ನಾನು ಕೃಷ್ಣನ ಹೊತ್ತಾಗ ಇದನ್ನ ಬಿಟ್ಟಿದ್ದೆ. ನಿನಗೆ ಆ ಪಾಡು ಬೇಡ."

ಎದ್ದು ಹಿತ್ತಿಲಿಗೆ ಹೋದರು. ನಾನು ಸೌಟು ಹಿಡಿದುಕೊಂಡು ನಿಂತಿದ್ದೆ. ಇದು ಶಿಕ್ಷೆ ಎಂದು ಜನವರಿ ಹದಿನಾರರಂದು ನಾನು ಬರೆದದ್ದು ಸುಳ್ಳು.

ಮಾರ್ಚ್ ೧೫, ಬುಧವಾರ

ಸರಿಹೋಗಿದ್ದ "ಒಂದಿಷ್ಟು ದಿನ" ಯಾವುದೆಂದು ಯೋಚಿಸಿದೆ. ಗಣಿಕೆ ತಿಂದ ದಿನಗಳು. ಹಸು ತಾವೇ ಕಟ್ಟುತ್ತಿದ್ದ ದಿನಗಳು. ಬದು ಒಣಗಿತು, ಕಂಬ ಹಿಡಿದರು. ಅವರ ಅತ್ತೆಯೂ ಕೊನೆಯಲ್ಲಿ ಗೋಡೆ ಸವರುತ್ತಿದ್ದಳು. ಅವಳೂ ಇವೇ ಐದು ಗಿಡ ಬಿಟ್ಟವಳು. ಅವಳಿಗಿಂತ ಹಿಂದಿನವಳ ವಿಷಯ ಕೇಳಲು ಯಾರೂ ಉಳಿದಿಲ್ಲ.

ನಮ್ಮವರಿಗೆ ಹೇಳಿದೆ. "ಅಮ್ಮನ ಬಾಯಿಗೆ ಬಲವಂತವಾಗಿ ತುರುಕೋಕಾಗುತ್ತಾ?" ಎಂದರು. ಆಮೇಲೆ, "ಕತ್ತಲಲ್ಲಿ ಅವಳನ್ನ ಒಬ್ಬಳೇ ಬಿಡಬೇಡ" ಎಂದರು. ಹೋಗುವಾಗ ಅತ್ತೆಯ ಕಾಲ ಹತ್ತಿರ ಒಂದು ಗಳಿಗೆ ಕೂತೆದ್ದರು.

ಮಾರ್ಚ್ ೧೭, ಶುಕ್ರವಾರ

ತುರುಕುವುದೇನೂ ಬೇಕಾಗಿಲ್ಲ. ಹೊನಗೊನ್ನೆಯನ್ನು ಬೇಳೆಯ ಜೊತೆ ಬೇಯಿಸಿ, ಮೆತ್ತಗೆ ಮಸೆದು, ಹುಣಸೆಹುಳಿ ಹೆಚ್ಚು ಹಾಕಿದರೆ ಯಾವ ಎಲೆ ಎಂದು ನನಗೇ ಗೊತ್ತಾಗದು. ಇಂದು ಹಾಗೆ ಮಾಡಿದೆ. ಬರೀ ಬೇಳೆ, ಎರಡು ಕರಿಬೇವು ಹೆಚ್ಚಾಗಿದೆ ಎಂದು ಹೇಳುವುದೆಂದು ಮಾತನ್ನೂ ಸಿದ್ಧ ಮಾಡಿಕೊಂಡೆ. ಅತ್ತೆ ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಿದ್ದರು. ನಾನು ಬೇಳೆ ಎಂದಿದ್ದರೆ ನಂಬಿ ತಿನ್ನುತ್ತಿದ್ದರು.

ಸೌಟು ತಟ್ಟೆಯವರೆಗೆ ಹೋಯಿತು. ಬಡಿಸಲಿಲ್ಲ.

"ಏನಾಯ್ತು?"

"ಸೀದುಹೋಗಿದೆ ಅತ್ತೆ."

ಉಪ್ಪು, ಮೆಣಸಿನಕಾಯಿ ತಂದಿಟ್ಟೆ. ಸಾರನ್ನು ಆವಲಮ್ಮನ ಮನೆಗೆ ಕೊಟ್ಟೆ. ಅವಳು ಬೇಲಿಯ ಆಚೆಯಿಂದ ಕೂಗಿದಳು, "ಇದು ಸೀದಿರೋದಾದ್ರೆ ದಿನಾ ಸೀಯಿಸೇ ತಾಯಿ!"

ಮಾರ್ಚ್ ೧೮, ಶನಿವಾರ

ನಾಳೆ ಶಾಮಲಮ್ಮ ಮಗಳನ್ನು ಕರೆದುಕೊಂಡು ಬರುತ್ತಾಳೆ.

ಯೋಚನೆ ಮುಗಿಯಿತು. ಕೊಡುವವರು ತಿನ್ನಬಾರದು, ಆದ್ದರಿಂದ ಅತ್ತೆ ತಿನ್ನುವುದಿಲ್ಲ. ನನಗೆ ಕೊಟ್ಟರೆ ನಾನು ತಿನ್ನಬಾರದು, ಆದ್ದರಿಂದ ಅತ್ತೆ ಕೊಡುವುದಿಲ್ಲ. ಆದರೆ ಹೆಸರು ಹೇಳಿದರೆ ಮದ್ದು ಸತ್ತು ಬರೀ ಸೊಪ್ಪಾಗುತ್ತದೆ, ಸೊಪ್ಪನ್ನು ಯಾರು ಬೇಕಾದರೂ ತಿನ್ನಬಹುದು. ಇದೂ ಅತ್ತೆಯದೇ ಕಟ್ಟು. ನವೆಂಬರ್ ಒಂದರಂದು ಅದರಂತೆಯೇ ಊಟ ಮಾಡಿದರು.

ನನಗೆ ಕೊಡದೆ ಇರುವ ಗಿಡದ ಹೆಸರು ನಾನು ಹೇಳಿದರೆ ಕಳ್ಳತನ. ಆದ್ದರಿಂದ ನಾಳೆ ಜನ ಬರುವ ಮೊದಲು ಅತ್ತೆಯ ಮುಂದೆ ಕೂತು ಹೊನಗೊನ್ನೆಯನ್ನು ಕೇಳುತ್ತೇನೆ. ಉಳಿಸಿಕೊಳ್ಳಲು ಅಲ್ಲ ಎಂದು ಮೊದಲೇ ಹೇಳುತ್ತೇನೆ. ನನ್ನ ಕೈಗೆ ಬಂದ ಮೇಲೆ ಶಾಮಲಮ್ಮನಿಗೆ, ಜಗಲಿಯ ಮೇಲಿರುವ ಎಲ್ಲರಿಗೂ ಕೇಳುವ ಹಾಗೆ ಹೆಸರು ಹೇಳುತ್ತೇನೆ. ಯಾವ ಕೆರೆಯ ಬುಡದಲ್ಲಿ ಸಿಗುತ್ತದೆ, ಹೇಗೆ ಬೇಯಿಸಬೇಕು ಎಂಬುದನ್ನೂ. ಕೊಂದವಳು ನಾನಾಗುತ್ತೇನೆ, ಅತ್ತೆಯ ಕೈಗೆ ದೋಷವಿಲ್ಲ. ಆಮೇಲೆ ಭಾನುವಾರಗಳಲ್ಲಿ ನಮ್ಮ ಜಗಲಿಗೆ ಅಷ್ಟು ಜನ ಬರಲಾರರು. ಮದ್ದಿನಮ್ಮ ಎಂದು ನನ್ನನ್ನು ಯಾರೂ ಕರೆಯಲಾರರು. ಅತ್ತೆ ಇಲ್ಲವೆಂದರೆ ಮುಂದಿನ ಭಾನುವಾರ ಮತ್ತೆ ಕೇಳುತ್ತೇನೆ.

ಸಂಜೆ ತೂಬಿನ ಹತ್ತಿರ ಹೋಗಿ ಎರಡು ಮಡಿಲು ಕಿತ್ತು ತಂದೆ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಅಟ್ಟದಿಂದ ಹಬ್ಬದ ದೊಡ್ಡ ಗಡಿಗೆ ಇಳಿಸುವಾಗ ಸದ್ದಾಯಿತು. ಅತ್ತೆ ಕಂಬದ ಹತ್ತಿರದಿಂದ ಸದ್ದಿನ ಕಡೆ ಮುಖ ತಿರುಗಿಸಿದರು.

"ಅದು ದೊಡ್ಡ ಗಡಿಗೆ ಅಲ್ವೇನೇ? ನಾಳೆ ಕೃಷ್ಣನೂ ಇರಲ್ಲ. ನೀನೊಬ್ಬಳು ತಿನ್ನೋ ಸಾರಿಗೆ ಅಷ್ಟು ದೊಡ್ಡದು ಯಾಕೆ?"

"ನಾಳೆ ಹೇಳ್ತೀನಿ ಅತ್ತೆ" ಎಂದೆ.